ಸಂಬಳ ಇಲ್ಲಿ, ಕೆಲಸ ಅಲ್ಲಿ: ಬೆಂಗಳೂರಿನ ಒಂದು ಸಿಬ್ಬಂದಿ ಪಟ್ಟಿಯ ಪ್ರಕರಣ

2024ರ ಜೂನ್ ತಿಂಗಳ ಕೊನೆಯ ವಾರ. ಬೆಂಗಳೂರಿನಲ್ಲಿ ಡೆಂಗಿ ಏರುತ್ತಿತ್ತು. ಮಳೆ ಒಂದು ದಿನ ಬಂದು ಎರಡು ದಿನ ಬಿಡುತ್ತಿತ್ತು. ಟೆರೇಸಿನ ಡ್ರಮ್ಮು, ಕಟ್ಟಡ ಕೆಲಸದ ತೊಟ್ಟಿ, ರಸ್ತೆ ಬದಿಗೆ ಎಸೆದ ಎಳನೀರು ಬುರುಡೆ, ಎಲ್ಲದರಲ್ಲೂ ನೀರು. ಆಗ ನಾನು ನಗರದ ಒಂದು ಆರೋಗ್ಯ ಕಚೇರಿಯಲ್ಲಿ ಗುತ್ತಿಗೆ ಮೇಲೆ ಡೇಟಾ ಕೆಲಸ ನೋಡುತ್ತಿದ್ದೆ. ಯಾವ ಕಚೇರಿ ಅನ್ನುವುದು ಬೇಡ. ಈ ಕಥೆ ಯಾವ ಕಚೇರಿಯಲ್ಲಿ ಬೇಕಾದರೂ ನಡೆಯಬಹುದಿತ್ತು.

ಬೆಳಿಗ್ಗೆ ಮೇಲಿನಿಂದ ಫೋನ್ ಬಂತು. ಪ್ರಶ್ನೆ ಒಂದೇ ಸಾಲು. "ನಿಮ್ಮ ವ್ಯಾಪ್ತೀಲಿ ಲ್ಯಾಬ್ ಟೆಕ್ನಿಶಿಯನ್ ಇಲ್ಲದ ಹೆಲ್ತ್ ಸೆಂಟರ್ ಯಾವ್ಯಾವುದು? ಮಧ್ಯಾಹ್ನದೊಳಗೆ ಕಳಿಸಿ."

ಮಧ್ಯಾಹ್ನದೊಳಗೆ ಕಳಿಸಿದೆವು. ಸಂಬಳದ ಪಟ್ಟಿ ತೆಗೆದು ಲ್ಯಾಬ್ ಟೆಕ್ನಿಶಿಯನ್ ಹುದ್ದೆ ಖಾಲಿ ಇರುವ ಕಡೆ ಗುರುತು ಹಾಕಿದೆವು. ಎರಡೇ ಸೆಂಟರ್ ಸಿಕ್ಕವು. ಪರವಾಗಿಲ್ಲ ಅಂದುಕೊಂಡೆವು.

ಸಂಜೆ ಒಬ್ಬ ಮೆಡಿಕಲ್ ಆಫೀಸರ್ ಫೋನ್ ಮಾಡಿದರು. ಅವರ ಸೆಂಟರ್ ಆ ಎರಡರಲ್ಲಿ ಇರಲಿಲ್ಲ. "ಏನ್ ಮೇಡಂ, ನಮ್ಮಲ್ಲಿ ಲ್ಯಾಬ್‌ನವರು ಇದಾರೆ ಅಂತ ಬರೆದಿದೀರಂತೆ? ಎರಡು ವರ್ಷದಿಂದ ಆ ಕುರ್ಚಿ ಖಾಲಿ. ಬೇಕಾದ್ರೆ ಫೋಟೋ ಕಳಿಸಲಾ?" ನಿಜವಾಗಲೂ ಕಳಿಸಿದರು. ಕುರ್ಚಿ ಮೇಲೆ ಓಆರ್‌ಎಸ್ ಪೊಟ್ಟಣದ ಡಬ್ಬ ಇತ್ತು.

ಸರಿಯಾದ ಉತ್ತರ ಸಿಗಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಏನು ನಡೆಯಿತು, ಆಮೇಲೆ ಪಟ್ಟಿಯನ್ನು ಹೇಗೆ ಕಟ್ಟಿದೆವು, ಎಲ್ಲಿ ಎಡವಿದೆವು ಅನ್ನುವುದೇ ಈ ಬರಹ.

ಕುರ್ಚಿ ಖಾಲಿ ಇದ್ದರೆ ಏನಾಗುತ್ತದೆ ಅನ್ನುವುದನ್ನು ಮೊದಲು ಹೇಳಬೇಕು. ಡೆಂಗಿ ಜ್ವರದ ಮೊದಲ ಐದು ದಿನಗಳಲ್ಲಿ ಎನ್‌ಎಸ್1 ಪರೀಕ್ಷೆ, ಆಮೇಲೆ ಐಜಿಎಂ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದು ಗೊತ್ತುಪಡಿಸಿದ ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ. ರೋಗಿಗೆ ಕಾಸು ಖರ್ಚಿಲ್ಲ. ರಕ್ತ ತೆಗೆದು, ಸರಿಯಾಗಿ ಬೇರ್ಪಡಿಸಿ, ತಣ್ಣಗಿಟ್ಟು ಕಳಿಸುವವರೇ ಇಲ್ಲದಿದ್ದರೆ ಡಾಕ್ಟರ್ ಚೀಟಿ ಬರೆದು ಹೊರಗೆ ಕಳಿಸುತ್ತಾರೆ. ಆ ವರ್ಷ ಜುಲೈನಲ್ಲಿ ಸರ್ಕಾರ ಖಾಸಗಿ ಲ್ಯಾಬುಗಳಿಗೆ ದರ ಕಟ್ಟಿತು. ಎಲಿಸಾ ವಿಧಾನದ ಎನ್‌ಎಸ್1ಗೆ 300 ರೂಪಾಯಿ, ಐಜಿಎಂಗೆ 300. ದರ ಕಟ್ಟಿದ್ದು ಒಳ್ಳೆಯದೇ. ಆದರೂ ಗಾರೆ ಕೆಲಸದವರಿಗೆ ಎರಡೂ ಸೇರಿದರೆ ಒಂದು ದಿನದ ಕೂಲಿ ಅಲ್ಲಿಗೇ ಮುಗಿಯಿತು. ಹಾಗಾಗಿ ಬಹಳ ಜನ ಪರೀಕ್ಷೆಯನ್ನೇ ಮಾಡಿಸದೆ ಮಾತ್ರೆ ನುಂಗಿ ಮಲಗುತ್ತಿದ್ದರು. ಪರೀಕ್ಷೆ ಆಗದಿದ್ದರೆ ಆ ಬೀದಿಯಲ್ಲಿ ಡೆಂಗಿ ಇಲ್ಲ ಅಂತಲೇ ಲೆಕ್ಕ. ಲೆಕ್ಕದಲ್ಲಿ ಇಲ್ಲದಿದ್ದರೆ ಲಾರ್ವಾ ಹುಡುಕುವವರೂ ಅಲ್ಲಿಗೆ ತಡವಾಗಿಯೇ ಹೋಗುತ್ತಾರೆ. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತು.

ಮೂರು ಪಟ್ಟಿ, ಒಬ್ಬಳೇ ಲಕ್ಷ್ಮಿ

ನನ್ನ ಲ್ಯಾಪ್‌ಟಾಪಿನಲ್ಲಿ ಮೂರು ಪಟ್ಟಿ ಇದ್ದವು. ಕಾಯಂ ನೌಕರರದ್ದು ಎಚ್‌ಆರ್‌ಎಂಎಸ್. ಇದು ಕರ್ನಾಟಕ ಸರ್ಕಾರಿ ನೌಕರರ ಸಂಬಳದ ವ್ಯವಸ್ಥೆ. ಅಲ್ಲಿ ಮನುಷ್ಯನ ಗುರುತು ಕೆಜಿಐಡಿ ನಂಬರ್. ಹುಟ್ಟಿನಿಂದ ಅದು ಸರ್ಕಾರಿ ವಿಮಾ ಇಲಾಖೆಯ ಸಂಖ್ಯೆ. ಆದರೆ ಕಚೇರಿಗಳಲ್ಲಿ ನೌಕರನ ಎರಡನೇ ಹೆಸರೇ ಆಗಿಬಿಟ್ಟಿದೆ. ಎರಡನೆಯದು 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಗುತ್ತಿಗೆ ಸಿಬ್ಬಂದಿಯದ್ದು. ಇದು ಎಕ್ಸೆಲ್‌ನಲ್ಲಿತ್ತು. ಗುತ್ತಿಗೆ ನವೀಕರಣ ಆದಾಗಲೆಲ್ಲ ಹೊಸ ಫೈಲು, ಹಳೆಯದೂ ಹಾಗೇ. ಮೂರನೆಯದು ಹೊರಗುತ್ತಿಗೆಯವರದ್ದು. ಅದು ಏಜೆನ್ಸಿಯ ಹತ್ತಿರ ಇತ್ತು. ನಮ್ಮ ಹತ್ತಿರ ಇದ್ದದ್ದು ಬಿಲ್ ಮಾತ್ರ. ಪಾಲಿಕೆಯ ಸ್ವಂತ ನೌಕರರ ಲೆಕ್ಕ ಇನ್ನೊಂದು ಕಡೆ ಇತ್ತು. ಅದನ್ನು ಈಗ ಎಳೆದು ತರುವುದಿಲ್ಲ.

ಮೂರನ್ನೂ ಸೇರಿಸಲು ಕೂತಾಗ ಹೆಸರುಗಳೇ ಜಗಳಕ್ಕೆ ನಿಂತವು. ಒಂದು ಕಡೆ ಲಕ್ಷ್ಮಿ ಎಚ್, ಇನ್ನೊಂದು ಕಡೆ ಎಚ್ ಲಕ್ಷ್ಮೀ, ಮತ್ತೊಂದು ಕಡೆ ಲಕ್ಷ್ಮಮ್ಮ. ಇನಿಷಿಯಲ್ ಬಿಡಿಸಿ ಬರೆಯಿರಿ ಅಂತ ಸಾಫ್ಟ್‌ವೇರ್ ಕೇಳಿದಾಗ ಕೆಲವರು ಊರಿನ ಹೆಸರು ಹಾಕಿದ್ದರು, ಕೆಲವರು ಅಪ್ಪನದ್ದು. ಮದುವೆ ಆದ ಮೇಲೆ ಗಂಡನದ್ದು. ಒಬ್ಬಳೇ ಲಕ್ಷ್ಮಿ ಮೂರು ಜನ ಆಗಿದ್ದಳು. ಮೂವರು ಬೇರೆ ಬೇರೆ ಲಕ್ಷ್ಮಿಯರು ಒಬ್ಬಳಾಗಿ ಹೋಗಿದ್ದೂ ಉಂಟು.

ಹಾಗಂತ ನಂಬರ್‌ಗೇನೂ ಬರ ಇರಲಿಲ್ಲ. ಒಬ್ಬ ಸಿಸ್ಟರ್ ನನ್ನ ಮುಂದೆ ಕೂತು ಬೆರಳು ಮಡಚಿ ಎಣಿಸಿದರು. ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ಕೊಡುವ ರಾಷ್ಟ್ರೀಯ ಸಂಖ್ಯೆ. 2021ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಆರೋಗ್ಯ ವೃತ್ತಿಪರರ ನೋಂದಣಿ. ಗುತ್ತಿಗೆ ನಂಬರ್. ಪಿಎಫ್ ನಂಬರ್. ಆಧಾರ್. "ಇಷ್ಟು ಇದ್ರೂ ನಾನು ಯಾವ ಸೆಂಟರಲ್ಲಿ ಇದೀನಿ ಅಂತ ನೀವು ನನ್ನೇ ಕೇಳ್ತಿದೀರಲ್ಲ" ಅಂದರು. ನಕ್ಕು ಸುಮ್ಮನಾದೆ. ಬೇರೆ ದಾರಿ ಇರಲಿಲ್ಲ.

ಆ ಖಾಲಿ ಕುರ್ಚಿಯ ಕಥೆ ಇಷ್ಟು. ಅಲ್ಲಿದ್ದ ಲ್ಯಾಬ್ ಮೇಡಂ ಅವರನ್ನು ಎರಡು ವರ್ಷದ ಹಿಂದೆ ಒಂದು ಹೆರಿಗೆ ಆಸ್ಪತ್ರೆಗೆ ಓಓಡಿ ಮೇಲೆ ಕಳಿಸಿದ್ದರು. ಓಓಡಿ ಅಂದರೆ ಹುದ್ದೆ ಇಲ್ಲೇ, ಕೆಲಸ ಬೇರೆ ಕಡೆ. ಆದೇಶದಲ್ಲಿ "ಮುಂದಿನ ಆದೇಶದವರೆಗೆ" ಅಂತ ಇತ್ತು. ಮುಂದಿನ ಆದೇಶ ಬರಲೇ ಇಲ್ಲ. ಸಂಬಳ ಹಳೆಯ ಸೆಂಟರ್ ಲೆಕ್ಕದಲ್ಲೇ ಆಗುತ್ತಿತ್ತು. ಹಾಗಾಗಿ ಪಟ್ಟಿಯಲ್ಲಿ ಆ ಹುದ್ದೆ ಭರ್ತಿ. ಭರ್ತಿ ಆದ ಹುದ್ದೆಗೆ ಯಾರನ್ನೂ ಕೊಡುವುದಿಲ್ಲ. ಆಸ್ಪತ್ರೆಯಲ್ಲಿ ಕೆಲಸ ನಡೆಯುತ್ತಿದೆ, ಆದರೆ ಅಲ್ಲಿ ಹುದ್ದೆಯೇ ಮಂಜೂರಾಗಿಲ್ಲ. ನಡೆಯುತ್ತಿದೆಯಲ್ಲ ಅಂತ ಯಾರೂ ಕೇಳುವುದೂ ಇಲ್ಲ. ಎರಡೂ ಕಡೆಯ ಕೊರತೆ ಒಂದೇ ಕಾಗದದಲ್ಲಿ ಮುಚ್ಚಿಹೋಗಿತ್ತು.

ಇಲ್ಲಿ ಸಾಫ್ಟ್‌ವೇರನ್ನು ಬೈಯುವುದು ಸುಲಭ. ಅದು ನ್ಯಾಯ ಅಲ್ಲ. ಸಂಬಳದ ಪಟ್ಟಿಯನ್ನು ಸಂಬಳ ಕೇಳಿದರೆ ಪೈಸೆ ತಪ್ಪದೆ ಹೇಳುತ್ತದೆ. ನಾವು ಅದನ್ನು ಕೇಳಿದ್ದು ಬೇರೆ ಪ್ರಶ್ನೆ.

ಇದು ಬೆಂಗಳೂರಿನದೊಂದೇ ಕಾಯಿಲೆ ಅಲ್ಲ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ವಾರ್ಷಿಕ ವರದಿಯನ್ನು ಪೂರ್ತಿಯಾಗಿ ಆರೋಗ್ಯ ಸಿಬ್ಬಂದಿಗೇ ಮೀಸಲಿಟ್ಟಿತ್ತು. ಡಾಕ್ಟರ್, ನರ್ಸ್, ಸೂಲಗಿತ್ತಿಯರ ತೀವ್ರ ಕೊರತೆ ಇರುವ 57 ದೇಶಗಳನ್ನು ಅದು ಎಣಿಸಿತು. ಭಾರತವೂ ಅದರಲ್ಲಿತ್ತು. ಅದೇ ಕಾಲಕ್ಕೆ ಬಡ ದೇಶಗಳಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಎಷ್ಟು ಜನ ಬೇಕು ಅನ್ನುವುದು ಆಮೇಲೆ, ಈಗ ಇರುವವರು ಎಲ್ಲಿದ್ದಾರೆ? ಇದಕ್ಕಾಗಿ ಇಂಟ್ರಾಹೆಲ್ತ್ ಅನ್ನುವ ಅಮೆರಿಕದ ಸಂಸ್ಥೆ ಐಎಚ್‌ಆರ್‌ಐಎಸ್ ಎಂಬ ತಂತ್ರಾಂಶ ಕಟ್ಟಿತು. ಉಚಿತ, ಮುಕ್ತ ತಂತ್ರಾಂಶ. ಉಗಾಂಡ, ತಾಂಜಾನಿಯ ಸೇರಿ ಇಪ್ಪತ್ತಕ್ಕೂ ಜಾಸ್ತಿ ದೇಶಗಳು ಬಳಸಿವೆ. ನಮ್ಮಲ್ಲಿ ಜಾರ್ಖಂಡ್, ಬಿಹಾರದಲ್ಲೂ ಬಳಕೆಯಾಗಿದೆ.

ಅದರಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ವಿಷಯ. ಅಲ್ಲಿ ಹುದ್ದೆ ಬೇರೆ, ವ್ಯಕ್ತಿ ಬೇರೆ. ಬಿಎಂಟಿಸಿ ಡಿಪೋ ನೋಡಿ. ಶೆಡ್ಯೂಲ್ ಅನ್ನುವುದು ಒಂದು, ಕಂಡಕ್ಟರ್ ಇನ್ನೊಂದು. ಇವತ್ತು ಈ ಶೆಡ್ಯೂಲಿಗೆ ಯಾರು ಹೋದರು ಅನ್ನುವುದು ಮೂರನೆಯದು. ಕಂಡಕ್ಟರ್ ರಜೆ ಹಾಕಿದರೆ ಶೆಡ್ಯೂಲ್ ಮಾಯ ಆಗುವುದಿಲ್ಲ. ಖಾಲಿ ಇದೆ ಅಂತ ಬೆಳಗಿನ ಜಾವವೇ ಗೊತ್ತಾಗುತ್ತದೆ. ನಮ್ಮ ಪಟ್ಟಿಗಳಲ್ಲಿ ಹುದ್ದೆಯೂ ವ್ಯಕ್ತಿಯೂ ಒಂದೇ ಸಾಲಿನಲ್ಲಿ ಅಂಟಿಕೊಂಡಿದ್ದವು. ವ್ಯಕ್ತಿ ಎದ್ದು ಹೋದರೂ ಹುದ್ದೆ ಅವಳ ಹೆಸರನ್ನೇ ಹೊದ್ದು ಕೂತಿತ್ತು.

ನಾವು ಹೊಸ ಸಾಫ್ಟ್‌ವೇರ್ ತರಲಿಲ್ಲ. ಅದಕ್ಕೆ ದುಡ್ಡೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ. ಮೂರು ಹಾಳೆಗಳ ಒಂದು ಎಕ್ಸೆಲ್ ಮಾಡಿದೆವು. ಒಂದರಲ್ಲಿ ಹುದ್ದೆಗಳು, ಒಂದರಲ್ಲಿ ಜನ, ಒಂದರಲ್ಲಿ ಇವೆರಡರ ಜೋಡಿ. ಮೂರನೇ ಹಾಳೆಯಲ್ಲಿ ನಾಲ್ಕೇ ಕಾಲಂ. ಹುದ್ದೆ ಎಲ್ಲಿಯದು, ಸಂಬಳ ಎಲ್ಲಿಂದ, ಈಗ ನಿಂತಿರುವುದು ಎಲ್ಲಿ, ಯಾವ ದಿನಾಂಕದಿಂದ.

ಮೇಲಿನಿಂದ ಕೇಳಿದಾಗ

ತುಂಬಿಸುವುದು ಹೇಗೆ? ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಗೂಗಲ್ ಫಾರ್ಮ್ ಮಾಡಿ ಮೆಡಿಕಲ್ ಆಫೀಸರ್‌ಗಳ ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ಮೇಲೆ "ಅತಿ ತುರ್ತು" ಅಂತ ಬರೆದೆವು. ಆ ಗ್ರೂಪಿನಲ್ಲಿ ಎಲ್ಲವೂ ಅತಿ ತುರ್ತೇ.

ಉತ್ತರ ಬಂದವು. ಬಹುಪಾಲು ಕಳೆದ ವರ್ಷದ ಫಾರ್ಮ್‌ನಿಂದ ಎತ್ತಿ ಅಂಟಿಸಿದ್ದು. ಯಾಕೆ ಹೀಗೆ ಅಂತ ಒಬ್ಬ ಹಿರಿಯ ಡಾಕ್ಟರ್ ಹತ್ತಿರ ಕೇಳಿದೆ. ಅವರು ಸುತ್ತು ಬಳಸದೆ ಹೇಳಿದರು. "ಇದ್ದೋರನ್ನ ಇದಾರೆ ಅಂತ ತೋರಿಸಿದ್ರೆ ಎತ್ಕೊಂಡು ಹೋಗ್ತೀರ. ಇಲ್ಲದೋರನ್ನ ಇಲ್ಲ ಅಂತ ತೋರಿಸಿದ್ರೆ ಏನೂ ಕೊಡಲ್ಲ. ನಾನ್ಯಾಕೆ ಸರಿಯಾಗಿ ಬರೀಲಿ?"

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಅವರ ಅನುಭವದಲ್ಲಿ ಪಟ್ಟಿ ಅಂದರೆ ಮೇಲಿನವರು ಕೈ ಹಾಕಲು ಬಿಟ್ಟ ಕಿಟಕಿ. ಒಳಗಿನವರು ಚಿಲಕ ಹಾಕಿಕೊಳ್ಳುವುದು ಸಹಜ ಅಲ್ವಾ?

ಇದಕ್ಕೆ ಹೋಲುವ ಒಂದು ದೊಡ್ಡ ಪ್ರಯೋಗ ಕರ್ನಾಟಕದಲ್ಲೇ ನಡೆದಿತ್ತು. ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ತೆಗೆದುಕೊಂಡು, ಅದರಲ್ಲಿ 140ಕ್ಕೆ ಬೆರಳಚ್ಚು ಹಾಜರಾತಿ ಯಂತ್ರ ಕೊಟ್ಟರು. ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ಅದನ್ನು ಅಧ್ಯಯನ ಮಾಡಿದರು. ನರ್ಸ್, ಫಾರ್ಮಾಸಿಸ್ಟ್, ಲ್ಯಾಬ್ ಸಿಬ್ಬಂದಿಯ ಹಾಜರಾತಿ ಏರಿತು. ಕಡಿಮೆ ತೂಕದ ಮಕ್ಕಳು ಹುಟ್ಟುವುದೂ ಇಳಿಯಿತು. ಡಾಕ್ಟರ್‌ಗಳ ಹಾಜರಾತಿ ಮಾತ್ರ ಅಲ್ಲಾಡಲಿಲ್ಲ. ಗೈರಾದವರ ಮೇಲೆ ಕ್ರಮ ತೆಗೆದುಕೊಳ್ಳುವುದು ಇಲಾಖೆಗೂ ಕಷ್ಟವಾಯಿತು. ಡಾಕ್ಟರ್ ಸಿಗುವುದೇ ಕಷ್ಟ, ಇದ್ದವರನ್ನು ಕೆಣಕಿದರೆ ಅವರೂ ಬಿಟ್ಟು ಹೋದರೆ? ಯಂತ್ರ ಸರಿಯಾಗೇ ಎಣಿಸುತ್ತದೆ. ಎಣಿಕೆ ಬಂದ ಮೇಲೆ ಯಾರು ಯಾರಿಗೆ ಏನು ಹೇಳಬಹುದು ಅನ್ನುವುದು ಬೇರೆ ಮಾತು.

ಒಬ್ಬೊಬ್ಬರಿಗೆ ಅವರವರ ಸಾಲು

ಎರಡನೇ ಸಲ ದಾರಿ ಬದಲಿಸಿದೆವು. ಇದು ನನ್ನ ಯೋಚನೆ ಅಲ್ಲ. ನಮ್ಮ ಕಚೇರಿಯ ಎಫ್‌ಡಿಎ ಒಬ್ಬರು, ನಿವೃತ್ತಿಗೆ ಹತ್ತಿರ ಇದ್ದವರು, ಹೇಳಿದ್ದು. "ಮೇಡಂ, ಸಂಬಳದ ಸ್ಲಿಪ್ಪನ್ನ ಯಾರಾದ್ರೂ ಓದದೆ ಬಿಡ್ತಾರಾ? ಹಂಗೇ ಮಾಡಿ."

ಜುಲೈ ತಿಂಗಳ ಮಾಸಿಕ ಸಭೆಗೆ ಒಬ್ಬೊಬ್ಬರ ಸಾಲನ್ನು ಪ್ರಿಂಟ್ ಮಾಡಿ, ಕತ್ತರಿಸಿ, ಅವರವರ ಕೈಗೆ ಕೊಟ್ಟೆವು. ಕೆಳಗೆ ಒಂದೇ ಪ್ರಶ್ನೆ. ಇದು ಸರಿ ಇದೆಯಾ? ತಪ್ಪಿದ್ದರೆ ಪೆನ್ನಲ್ಲಿ ತಿದ್ದಿ.

ಅರ್ಧ ಗಂಟೆಯಲ್ಲಿ ನನ್ನ ಟೇಬಲ್ ಮುಂದೆ ಸಾಲು ನಿಂತಿತು. ಸೇರಿದ ದಿನಾಂಕ ತಪ್ಪು, ಹುದ್ದೆಯ ಹೆಸರು ತಪ್ಪು, ಈ ಸೆಂಟರ್ ಬಿಟ್ಟು ಮೂರು ವರ್ಷ ಆಯಿತು. ಕರ್ನಾಟಕದಲ್ಲಿ ಡಾಕ್ಟರ್ ಮತ್ತು ಆರೋಗ್ಯ ಸಿಬ್ಬಂದಿಯ ವರ್ಗಾವಣೆಗೇ ಅಂತ 2011ರ ಒಂದು ಕಾಯ್ದೆ ಇದೆ. ಕೌನ್ಸೆಲಿಂಗ್ ನಡೆಯುತ್ತದೆ. ಎಲ್ಲಿ ಎಷ್ಟು ವರ್ಷ ಕೆಲಸ ಮಾಡಿದೆ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ದಿನಾಂಕ ಅವರಿಗೆ ಬರೀ ದಿನಾಂಕ ಅಲ್ಲ. ಮಕ್ಕಳ ಶಾಲೆ, ಮನೆ ಬಾಡಿಗೆ, ವಯಸ್ಸಾದ ಅತ್ತೆ, ಎಲ್ಲ ಅದರ ಹಿಂದೆ ಇದೆ. ಗೂಗಲ್ ಫಾರ್ಮ್ ಹಲವು ದಿನ ಒದ್ದಾಡಿ ತಾರದಿದ್ದ ತಿದ್ದುಪಡಿ ಒಂದು ಮಧ್ಯಾಹ್ನದಲ್ಲಿ ಬಂತು.

ಆ ಲ್ಯಾಬ್ ಮೇಡಂ ಕೂಡ ಬಂದಿದ್ದರು. ಚೀಟಿ ನೋಡಿ ನಕ್ಕರು.

"ನಾನು ಎಲ್ಲೂ ಇಲ್ಲ ಮೇಡಂ" ಅಂದರು. "ಸೆಂಟರ್‌ನವರು ಅವಳು ಆಸ್ಪತ್ರೆಗೆ ಹೋಗಿದಾಳೆ ಅಂತಾರೆ. ಆಸ್ಪತ್ರೆಯವರು ನೀನು ನಮ್ಮೋಳಲ್ಲ ಅಂತಾರೆ. ಹಾಜರಾತಿ ಅಲ್ಲಿ, ರಜೆ ಮಂಜೂರು ಇಲ್ಲಿ. ರಜೆ ಅರ್ಜಿಗೆ ಸೈನ್ ಹಾಕಿಸೋಕೆ ಅರ್ಧ ದಿನ ರಜೆ ಹಾಕ್ಬೇಕು."

ಆಮೇಲೆ ಇನ್ನೊಂದು ಮಾತು ಹೇಳಿದರು. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ. ರಕ್ತ ಮುಟ್ಟುವ ಕೆಲಸದವರಿಗೆ ಹೆಪಟೈಟಿಸ್ ಬಿ ಲಸಿಕೆ ಕೊಡುತ್ತಾರೆ. ಮೂರು ಡೋಸ್. ಮೊದಲನೆಯದು ಆದ ಮೇಲೆ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಆಸ್ಪತ್ರೆಯಲ್ಲಿ ಕೊಟ್ಟಾಗ ಇವರ ಹೆಸರು ಅವರ ಪಟ್ಟಿಯಲ್ಲಿ ಇರಲಿಲ್ಲ. ಸೆಂಟರಿನಲ್ಲಿ ಕೊಟ್ಟಾಗ ಇವರು ಅಲ್ಲಿ ಇರಲಿಲ್ಲ. "ಆಮೇಲೆ ನಾನೇ ದುಡ್ಡು ಕೊಟ್ಟು ಹಾಕಿಸ್ಕೊಂಡೆ" ಅಂದರು. ಗೊಣಗಿದ ದನಿ ಅಲ್ಲ. ತರಕಾರಿ ರೇಟು ಹೇಳಿದ ಹಾಗೆ.

ಚೀಟಿ ತಿದ್ದಲು ಅವರು ಮೊದಲು ಹಿಂಜರಿದರು. ಹೀಗೆ ಬರೆದರೆ ವಾಪಸ್ ಕಳಿಸಿಬಿಟ್ಟರೆ? ಆಸ್ಪತ್ರೆ ಅವರ ಮನೆಗೆ ಹತ್ತಿರ. ಹಳೆ ಸೆಂಟರ್‌ಗೆ ಎರಡು ಬಸ್ಸು. ವಾಪಸ್ ಕಳಿಸುವುದಿಲ್ಲ ಅಂತ ಮಾತು ಕೊಡಲು ನಾನ್ಯಾರು? ಕೊಡಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಪೆನ್ನು ತೆಗೆದುಕೊಂಡು ತಿದ್ದಿದರು.

ಇದೇ ಹೊತ್ತಿನಲ್ಲಿ ನಮ್ಮಿಂದ ಒಂದು ದೊಡ್ಡ ತಪ್ಪೂ ಆಯಿತು. ಯಾರೋ ಉತ್ಸಾಹದಲ್ಲಿ ಪೂರ್ತಿ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಮೊಬೈಲ್ ನಂಬರ್ ಸಮೇತ. ಎರಡೇ ದಿನದಲ್ಲಿ ಕೆಲವು ಹೆಣ್ಣುಮಕ್ಕಳಿಗೆ ಗುರುತಿಲ್ಲದವರ ಫೋನ್ ಬರಲು ಶುರುವಾಯಿತು. ಹರಿದು ತೆಗೆದೆವು. ಕ್ಷಮೆ ಕೇಳಿದೆವು. ಆಮೇಲೆ ಪಟ್ಟಿಯಿಂದ ಆಧಾರ್ ಕಾಲಮನ್ನೇ ಕಿತ್ತುಹಾಕಿದೆವು. ನರ್ಸ್‌ಗಳಿಗೆ ಕೌನ್ಸಿಲ್ ನೋಂದಣಿ ಸಂಖ್ಯೆ ಸಾಕು, ಉಳಿದವರಿಗೆ ನಾವೇ ಕೊಟ್ಟ ಸಂಖ್ಯೆ. ಎಕ್ಸೆಲ್ ಫೈಲಿನಲ್ಲಿ ಆಧಾರ್ ಹಾಕಿ ವಾಟ್ಸಾಪಿನಲ್ಲಿ ಓಡಾಡಿಸುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಜಾಸ್ತಿಯಾಗಿದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ವಾಟ್ಸಾಪ್ ಗ್ರೂಪುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಫೋನ್ ನಂಬರ್ ಮಾತ್ರ ಇಟ್ಟುಕೊಂಡೆವು, ಬೀಗದ ಒಳಗೆ. ಅದಕ್ಕೆ ಕಾರಣ ಲೈಬೀರಿಯ. 2014ರಲ್ಲಿ ಅಲ್ಲಿ ಎಬೋಲ ಹರಡಿದಾಗ ಆರೋಗ್ಯ ಕಾರ್ಯಕರ್ತರಿಗೆ ಒಟ್ಟಿಗೆ ಸುದ್ದಿ ಮುಟ್ಟಿಸಬೇಕಿತ್ತು. ಐಎಚ್‌ಆರ್‌ಐಎಸ್‌ನಲ್ಲಿದ್ದ ಸಿಬ್ಬಂದಿ ಪಟ್ಟಿಯನ್ನು ಯುನಿಸೆಫ್‌ನ ರ‍್ಯಾಪಿಡ್‌ಪ್ರೋ ಎಂಬ ಸಂದೇಶ ವ್ಯವಸ್ಥೆಗೆ ಜೋಡಿಸಿ ಎಂಹೀರೋ ಅಂತ ಕಟ್ಟಿದರು. ಸಾದಾ ಎಸ್‌ಎಂಎಸ್ ಸಾಕು, ಉತ್ತರವೂ ಬರುತ್ತದೆ. ಇಂಥ ಕೆಲಸಕ್ಕೆ ಪಟ್ಟಿಯ ನಂಬರ್ ಜೀವಂತ ಇರಬೇಕು. ನಮ್ಮ ಹಳೆ ಪಟ್ಟಿಯಲ್ಲಿ ನಿವೃತ್ತರಾದವರ ನಂಬರ್ ಕೂಡ ಇತ್ತು. ಡೆಂಗಿ ತರಬೇತಿಗೆ ಬನ್ನಿ ಅಂತ ಅವರಿಗೂ ಸಂದೇಶ ಹೋಗಿತ್ತು. ಒಬ್ಬರು ಬಂದೂ ಇದ್ದರು, ಊಟ ಮಾಡಿ ಹೋದರು.

ಆಶಾ ಅಕ್ಕಂದಿರ ವಿಷಯದಲ್ಲಿ ನಮ್ಮ ಚೀಟಿ ಉಪಾಯ ನಡೆಯಲಿಲ್ಲ. ನಗರದಲ್ಲಿ 200ರಿಂದ 500 ಮನೆಗೆ ಒಬ್ಬ ಆಶಾ ಅನ್ನುವುದು ನಿಯಮ. ಅವರು ನೌಕರರಲ್ಲ, ಹಾಗಾಗಿ ಹುದ್ದೆಯ ಹಾಳೆಯಲ್ಲಿ ಅವರಿಗೆ ಜಾಗವಿಲ್ಲ. ಅವರ ಪ್ರೋತ್ಸಾಹಧನ ಮಾತ್ರ ಡೇಟಾ ಮೇಲೆ ನಿಂತಿದೆ. ಗರ್ಭಿಣಿಯ ಹೆಸರು ಆರ್‌ಸಿಎಚ್ ಅನ್ನುವ ತಾಯಿ-ಮಗು ಆರೋಗ್ಯದ ಸರ್ಕಾರಿ ಪೋರ್ಟಲಿನಲ್ಲಿ ಏರಿದರೆ ಕಾಸು, ಏರದಿದ್ದರೆ ಇಲ್ಲ. ಏರಿಸುವವರು ಬೇರೆ ಯಾರೋ. ಮನೆಮನೆ ಸುತ್ತುವವಳಿಗೆ ತನ್ನ ಸಾಲು ಕಾಣುವುದಿಲ್ಲ, ತಿದ್ದುವ ಹಕ್ಕೂ ಇಲ್ಲ. ತಿಂಗಳ ಕೊನೆಗೆ ಖಾತೆಗೆ ಬಂದ ಮೊತ್ತ ಮಾತ್ರ ಕಾಣುತ್ತದೆ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ 15,000 ರೂಪಾಯಿ ಗೌರವಧನ ಬೇಕು ಅನ್ನುವುದು ಮುಖ್ಯ ಬೇಡಿಕೆ. ಪೋರ್ಟಲ್‌ನ ಗೋಜಲು ಅವರ ಬಹಳ ಹಳೆಯ ದೂರು. ಡೇಟಾ ಅಂದರೆ ಆಡಳಿತಕ್ಕೆ ಕನ್ನಡಿ ಅಂತ ತರಬೇತಿಗಳಲ್ಲಿ ಹೇಳುತ್ತಾರೆ. ಆಶಾ ಅಕ್ಕನಿಗೆ ಅದು ಪ್ರೋತ್ಸಾಹಧನಕ್ಕೆ ಬೀಳುವ ಕತ್ತರಿ. ಇದನ್ನು ನಾವು ಬಿಡಿಸಲಿಲ್ಲ. ನಮ್ಮ ಮಟ್ಟದಲ್ಲಿ ಬಿಡಿಸುವಂಥದ್ದೂ ಅಲ್ಲ.

ಏನು ಬದಲಾಯಿತು

ಆಗಸ್ಟ್‌ನಲ್ಲಿ ಅದೇ ಪ್ರಶ್ನೆ ಮತ್ತೆ ಬಂತು. ಈ ಸಲ ಅರ್ಧ ಗಂಟೆಯಲ್ಲಿ ಉತ್ತರ ಕಳಿಸಿದೆವು. ಎರಡು ಇದ್ದ ಖಾಲಿ ಸೆಂಟರ್‌ಗಳು ಈಗ ಏಳು. ಮೇಲಿನವರಿಗೆ ಅದು ಹಿಡಿಸಲಿಲ್ಲ. "ಎರಡು ತಿಂಗಳಲ್ಲಿ ಐದು ಜಾಸ್ತಿ ಹೇಗಾಯ್ತು?" ಅಂತ ಕೇಳಿದರು. ಜಾಸ್ತಿ ಆಗಿದ್ದಲ್ಲ ಸಾರ್, ಕಂಡಿದ್ದು ಅಂತ ಹೇಳಲು ಮೂರು ಪುಟದ ವಿವರಣೆ ಬರೆಯಬೇಕಾಯಿತು. ಸರಿಯಾದ ಪಟ್ಟಿ ಮಾಡುವವರು ಈ ಒಂದು ವಿವರಣೆಯನ್ನು ಮೊದಲೇ ಬರೆದಿಟ್ಟುಕೊಂಡಿರುವುದು ಒಳ್ಳೆಯದು.

ಲ್ಯಾಬ್ ಮೇಡಂ ಅವರನ್ನು ವಾಪಸ್ ಕಳಿಸಲಿಲ್ಲ. ಆಸ್ಪತ್ರೆಯ ಡಾಕ್ಟರ್ ಬಿಡಲಿಲ್ಲ. ಅವರ ಓಓಡಿಗೆ ಕೊನೆಯ ದಿನಾಂಕ ಹಾಕಿ ಹೊಸ ಆದೇಶ ಆಯಿತು, ರಜೆ ಮಂಜೂರಾತಿಯನ್ನು ಆಸ್ಪತ್ರೆಗೇ ಕೊಟ್ಟರು. ಹಳೆ ಸೆಂಟರಿಗೆ ಹೊಸಬರು ಬರಲು ತಿಂಗಳುಗಳೇ ಹಿಡಿದವು. ಅಲ್ಲಿವರೆಗೆ ಹತ್ತಿರದ 'ನಮ್ಮ ಕ್ಲಿನಿಕ್' ಅನ್ನುವ ಸಣ್ಣ ಸರ್ಕಾರಿ ಚಿಕಿತ್ಸಾಲಯದ ಲ್ಯಾಬ್ ಹುಡುಗ ವಾರಕ್ಕೆ ಎರಡು ದಿನ ಬಂದು ರಕ್ತ ತೆಗೆದ. ಮಂಗಳವಾರ, ಶುಕ್ರವಾರ. ಜ್ವರ ಬಂದವರಿಗೆ ಶನಿವಾರ ಬಂದರೆ ಕಷ್ಟ. ಪಟ್ಟಿ ಸರಿ ಮಾಡಿದ ಮಾತ್ರಕ್ಕೆ ಮನುಷ್ಯರು ಹುಟ್ಟುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಸೆಂಟರ್‌ಗಳು ಯಾವ ಪಾಲಿಕೆಗೆ ಅಂತ ಮತ್ತೆ ಹಂಚಬೇಕಾಯಿತು. ಹುದ್ದೆ, ವ್ಯಕ್ತಿ ಬೇರೆ ಬೇರೆ ಇದ್ದದ್ದರಿಂದ ಹುದ್ದೆಗಳ ಹಾಳೆಯಲ್ಲಿ ಒಂದು ಕಾಲಂ ಬದಲಿಸಿದರೆ ಸಾಕಾಯಿತು. ಅಷ್ಟೊತ್ತಿಗೆ ನನ್ನ ಗುತ್ತಿಗೆ ಮುಗಿದಿತ್ತು. ಅಲ್ಲಿನ ಡೇಟಾ ಎಂಟ್ರಿ ಹುಡುಗ ಒಂದು ದಿನ ಫೋನ್ ಮಾಡಿದ.

"ಮೇಡಂ, ಹೊಸ ಫಾರ್ಮ್ಯಾಟ್ ಬಂದಿದೆ. ಅದ್ರಲ್ಲಿ 'ಈಗ ನಿಂತಿರುವುದು ಎಲ್ಲಿ' ಅನ್ನೋ ಕಾಲಂ ಇಲ್ಲ. ತೆಗೆದುಬಿಡಲಾ?"

"ಬೇಡ ಕಣಪ್ಪ" ಅಂದೆ.

"ಹಾಗಾದ್ರೆ ಅದನ್ನ ಬೇರೆ ಫೈಲ್ ಮಾಡಿ ನನ್ನ ಹತ್ರಾನೇ ಇಟ್ಕೊಳ್ತೀನಿ" ಅಂದ.